ತಾಲೂಕಿನ ಲೆಕ್ಕದಾಗ ತಾಂಡಾ ಕಾಣ್ಸೂದಿಲ್ಲ

ನಮಸ್ಕಾರ್ರಿ ಎಲ್ಲಾರಿಗೂ. ಬೆಳಗಾವ್ಯಾಗ ಅಧಿವೇಶನ ಬಂತಂದ್ರ ಉತ್ತರ ಕರ್ನಾಟಕಕ್ಕ ಅನ್ಯಾಯ ಆಗೇತಿ ಅನ್ನೂ ಮಾತು ಶುರು ಆಗ್ತೈತಿ, ಅನ್ಯಾಯ ಆಗಿದ್ದು ಖರೇನ ಐತ್ರಿ, ಅದ್ರಾಗ ಎರಡ ಮಾತಿಲ್ಲ. ಪ್ರಾದೇಶಿಕ ಅಸಮಾನತೆ ಎಷ್ಟೈತಿ ಅಂತ ನೋಡಾಕ ಸರ್ಕಾರ ಮಾಡಿದ್ದ ನಂಜುಂಡಪ್ಪ ಸಮಿತಿ 2002ರಾಗ ವರದಿ ಕೊಟ್ಟಾಗ ರಾಜ್ಯದ 175 ತಾಲೂಕಿನಾಗ 114 ಹಿಂದುಳಿದಾವು, ಅದ್ರಾಗ 39 ಅತ್ಯಂತ ಹಿಂದುಳಿದಾವು ಅಂತ ಹೇಳ್ತು. ಆ 39ರಾಗ 26 ನಮ್ಮ ಉತ್ತರದ ಕಡೆವು.

ಆದ್ರ ಇಲ್ಲೆ ಸ್ವಲ್ಪ ನಿಲ್ರಿ. ಆ 26ರಾಗ 21 ಕಲಬುರಗಿ ವಿಭಾಗದವು, ನಮ್ಮ ಬೆಳಗಾವಿ ವಿಭಾಗದವು ಬರೇ 5. ಅಂದ್ರ ಹುಬ್ಬಳ್ಳ್ಯಾಗ ಮೈಕ್ ಹಿಡಕೊಂಡು ನಾವು ಕೂಗೂದು ಕಲಬುರಗಿ ವಿಭಾಗದ ದೇವದುರ್ಗದ ಮಂದಿ ಸಂಕಟಾ ಮುಂದ ಇಟ್ಕೊಂಡು, ಬಂದಿದ್ದೇನೈತಿ ಅದರಾಗ ಎಷ್ಟೋ ಹುಬ್ಬಳ್ಳಿ-ಧಾರವಾಡಕ್ಕ ಬಂದೈತಿ. ರೈಲ್ವೆ ವಲಯದ ಹೆಡ್ ಆಫೀಸು, ಹೈಕೋರ್ಟ್ ಪೀಠ, ಐಐಟಿ, ಬಸ್ಸಿಗೆ ಬ್ಯಾರೆ ದಾರಿ ಇರೂ ಬಿಆರ್‌ಟಿಎಸ್. ಬರ್ಲಿ, ಬ್ಯಾಡ ಅನ್ನಾಂಗಿಲ್ಲ.

ಹುಬ್ಬಳ್ಳಿ ಒಳಗರ ಎಲ್ಲಾರೂ ಒಂದ ಊರಾಗ ಅದಾರೇನ್ರಿ? ನಮ್ಮಲ್ಲಿ ಸೆಟ್ಲಮೆಂಟ್ ಅಂತ ಒಂದ ಏರಿಯಾ ಐತಲ್ಲ, ಆ ಹೆಸರು ಯಾಕ ಬಂತು ಅಂತ ಎಷ್ಟ ಮಂದಿಗೆ ಗೊತ್ತೈತಿ? ಬ್ರಿಟಿಷರು 1871ರಾಗ ಕಾಯ್ದೆ ಮಾಡಿ ಕೆಲವು ಜಾತಿಗೋಳನ್ನ ಹುಟ್ಟಿನಿಂದನ ಅಪರಾಧಿಗಳು ಅಂದ್ರು, ಆಮ್ಯಾಲೆ ಅಂಥ ಮನಿತನಗೋಳನ್ನ ತಂದು ಇಲ್ಲೆ ಕೂಡಿಟ್ರು, ಹಾಜರಿ ಕೊಡಬೇಕು, ಪರ್ಮಿಷನ್ ಇಲ್ಲದ ಹೊರಗ ಹೋಗಾಂಗಿಲ್ಲ. ಗದಗದಾಗೂ ಸೆಟ್ಲಮೆಂಟ್ ಐತಿ. 1952ರಾಗ ಕಾಯ್ದೆ ಹೋತು. ಆದ್ರ ವಿಳಾಸ ಕೇಳಿದ ಕೂಡ್ಲೆ ಬಾಡಿಗಿ ಮನಿ ಇಲ್ಲ ಅನ್ನೂ ಮಂದಿ ಇವತ್ತಿಗೂ ಅದಾರು, ಅವರಿಗೆ ಯಾವ ಬೆಂಗಳೂರೂ ಹೇಳಿಕೊಟ್ಟಿಲ್ಲ, ಇದು ನಮ್ಮದ ಕೆಲಸ.

ಹಳ್ಳಿ ಕಡೆ ಬರ್ರಿ. ಮುಂಡರಗಿ, ಶಿರಹಟ್ಟಿ, ಗಜೇಂದ್ರಗಡ ಕಡೆ ತಾಂಡಾಗೋಳು, ಅಂದ್ರ ಲಂಬಾಣಿ ಮಂದಿ ಇರೂ ಊರುಗೋಳು, ಭಾಳ. ಸುಗ್ಗಿ ಮುಗೀತಂದ್ರ ಮನಿಗೆ ಕೀಲಿ ಹಾಕಿ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗ್ತಾರ, ಕಟ್ಟಡ ಕೆಲಸಕ್ಕ, ಜೋಡಿಗೆ ಸಣ್ಣ ಹುಡುಗುರ್ನೂ ಕರಕೊಂಡ ಹೋಗ್ತಾರ, ಸಾಲಿ ಅರ್ಧಕ್ಕ ನಿಲ್ತೈತಿ, ವಾಪಸ್ ಬಂದಾಗ ಜೋಡಿ ಹುಡುಗುರು ಮುಂದಿನ ಇಯತ್ತಾಕ ಹೋಗಿರ್ತಾರ, ಗುಳೆ ಹೋಗಿ ಬಂದ ಹುಡುಗ ನಾಚಿ ಆಮ್ಯಾಲೆ ಸಾಲಿಗೇ ಹೋಗಾಂಗಿಲ್ಲ. ಅದೇ ತಾಲೂಕಿನಾಗ ನೀರಾವರಿ ಹೊಲ, ಟ್ರ್ಯಾಕ್ಟರ್, ಗದಗದಾಗ ಸೈಟ್ ಇದ್ದ ಗೌಡ್ರೂ ಅದಾರು. ಇಬ್ಬರನ್ನೂ ಕೂಡಿಸಿ ಸರಾಸರಿ ತಗದ್ರ ತಾಲೂಕು ಅಷ್ಟೇನ ಹಿಂದುಳಿದಿಲ್ಲ ಅಂತ ಕಾಣ್ಸತೈತಿ! ಅದರಾಗ ಎಷ್ಟೋ ತಾಂಡಾ ಕಂದಾಯ ಗ್ರಾಮನೂ ಆಗಿದ್ದಿಲ್ಲ, ಪಕ್ಕದ ಊರಿನ ಲೆಕ್ಕದಾಗ ಮುಚ್ಚಿ ಹೋಗಿದ್ವು, ಮನಿ ಇದ್ರೂ ಹಕ್ಕುಪತ್ರ ಇಲ್ಲ, ಹಕ್ಕುಪತ್ರ ಇಲ್ಲಂದ್ರ ಬ್ಯಾಂಕ್ ಸಾಲ ಎಲ್ಲಿಂದ ಸಿಗಬೇಕ್ರಿ.

ಪ್ರಾದೇಶಿಕ ಅಸಮಾನತೆ ಬ್ಯಾರೆ, ಜಾತಿ ಅಸಮಾನತೆ ಬ್ಯಾರೆ ಅಂತ ಎರಡ ಕಡತ ಮಾಡಿ ಇಟ್ಟಾರಲ್ಲ, ಅದನ್ನ ನಾ ಒಪ್ಪಾಂಗಿಲ್ಲ. ರೊಕ್ಕ ತಾಲೂಕಿಗೆ ಬರ್ತೈತಿ, ರಸ್ತೆ ಮೊದ್ಲ ಯಾರ ಮನಿ ಮುಂದ ಆಗಬೇಕು ಅನ್ನೂದು ಓಣಿ ನೋಡಿ ಡಿಸೈಡ್ ಆಗ್ತೈತಿ.

2024ರಾಗ ಅರ್ಥಶಾಸ್ತ್ರಜ್ಞ ಗೋವಿಂದ ರಾವ್ ಅವರ ಅಧ್ಯಕ್ಷತೆದಾಗ ಇದ ಪ್ರಾದೇಶಿಕ ಅಸಮಾನತೆ ನೋಡಾಕ ಮತ್ತೊಂದ ಸಮಿತಿ ಮಾಡಿದ್ರು. ನಮ್ಮ ಶಾಸಕರು ಪ್ಯಾಕೇಜ್ ಎಷ್ಟ ಕೋಟಿ ಅಂತಷ್ಟ ಕೇಳಬಾರದು. ಹೈಸ್ಕೂಲು ಎಷ್ಟ ಕಿಲೋಮೀಟರ್ ದೂರ ಐತಿ, ಗುಳೆ ಹೋದವರ ಮಕ್ಕಳಿಗೆ ಸೀಜನ್ ಹಾಸ್ಟೆಲ್ ಐತೋ ಇಲ್ಲೋ, ಹಕ್ಕುಪತ್ರ ಕೈಗೆ ಬಂತೋ ಇಲ್ಲೋ, ಇದನ್ನ ತಾಂಡಾ ತಾಂಡಾ, ಓಣಿ ಓಣಿ ಎಣಿಸಿ ಸದನದಾಗ ಇಡ್ರಿ ಅಂತ ಕೇಳಬೇಕು. ಮುಂದಿನ ಸಲ ಓಟ್ ಕೇಳಾಕ ಬಂದಾಗ ನೀವೂ ಇದನ್ನ ಕೇಳ್ರಿ.