ಬಯಾನಾ ಕೊಡುವ ಮೊದಲು ಬೆಲ್ಟ್ ಎಳೆದು ನೋಡಿ

(ಕಲಬುರಗಿಯಲ್ಲಿ ಗಾಡಿ ಹುಚ್ಚಿನ ಗೆಳೆಯರು ಮತ್ತು ಆಟೊಮೊಬೈಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಸಂಜೆ ಆರಾದರೂ ಬಿಸಿಲಿನ ಝಳ ಇಳಿದಿಲ್ಲ. ಹಿಂದೆ ನಿಂತವರು ಮುಂದೆ ಬನ್ನಿ, ಇಲ್ಲಿ ಫ್ಯಾನ್ ಇದೆ, ಕುರ್ಚಿನೂ ಖಾಲಿ ಇವೆ.

ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳುವ ಮೊದಲು ಏನು ನೋಡಬೇಕು ಅನ್ನೋದು ನನಗೆ ಕೊಟ್ಟ ವಿಷಯ. ಹತ್ತು ವರ್ಷದ ಹಿಂದೆ ನಮ್ಮೂರಲ್ಲಿ ಈ ಮಾತು ಕೇಳೋಕೆ ಹತ್ತು ಜನ ಬರುತ್ತಿರಲಿಲ್ಲ. ಈಗ ಸಂಜೆ ಹೊತ್ತು ರಿಂಗ್ ರೋಡಿನಲ್ಲಿ ನಿಂತರೆ ಆಕ್ಟೇವಿಯಾ ವಿಆರ್‌ಎಸ್ ಹೋಗುತ್ತದೆ, ಮಿನಿ ಕೂಪರ್ ಹೋಗುತ್ತದೆ, ಒಮ್ಮೊಮ್ಮೆ ಮಸ್ಟ್ಯಾಂಗಿನ ಗುಡುಗು ಕೇಳುತ್ತದೆ. ನನಗೆ ಬಹಳ ಖುಷಿ. ಈ ಗಾಡಿಗಳಲ್ಲಿ ಹೆಚ್ಚಿನವು ಹೈದರಾಬಾದಿನಿಂದ ಬಂದವು, ಎರಡನೆಯ ಇಲ್ಲವೇ ಮೂರನೆಯ ಕೈಯಿಂದ.

ಕಳೆದ ವರ್ಷ ನನ್ನ ಗ್ಯಾರೇಜಿಗೆ ಮೂವರು ಹುಡುಗರು ಇಂಥ ಗಾಡಿ ತಂದರು. ಮೂವರದೂ ಒಂದೇ ಮಾತು. "ಅಣ್ಣಾ, ನಿನ್ನೆ ತಂದೀವ್ರಿ, ಒಮ್ಮೆ ನೋಡ್ರಿ." ನಿನ್ನೆ ತಂದದ್ದನ್ನು ಇವತ್ತು ನೋಡಿ ನಾನು ಏನು ಮಾಡಲಿ? ಈ ಸಂಕಟಕ್ಕೇ ಇವತ್ತು ನಿಮ್ಮ ಮುಂದೆ ಬಂದಿದ್ದೇನೆ.

ನಮ್ಮಪ್ಪ ಎತ್ತು ಕೊಳ್ಳೋಕೆ ಹೋದರೆ ಮೊದಲು ಬಾಯಿ ಅಗಲಿಸಿ ಹಲ್ಲು ಎಣಿಸುತ್ತಿದ್ದರು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ. ಆಮೇಲೆ ಗೊರಸು ಎತ್ತಿ ನೋಡೋರು, ಹತ್ತು ಹೆಜ್ಜೆ ನಡೆಸೋರು. ದೇವಣಿ ಹೋರಿ ಎಷ್ಟೇ ಚಂದ ಇರಲಿ, ಇದೆಲ್ಲ ಮುಗಿಯುವ ತನಕ ಬಯಾನಾ, ಅಂದರೆ ಮುಂಗಡದ ಮಾತೇ ಇಲ್ಲ. ಅಂಥ ಮನೆಯ ಮಕ್ಕಳು ಇವತ್ತು ಮೂವತ್ತು ಲಕ್ಷದ ಗಾಡಿಗೆ ಮೊಬೈಲ್‌ನಲ್ಲಿ ಎಂಟು ಫೋಟೊ ನೋಡಿ ಬಯಾನಾ ಕಳಿಸುತ್ತಾರೆ.

ಒಂದು ಗಾಡಿಯ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಆದರೆ ನೋಡಬೇಕಾದ್ದರಲ್ಲಿ ಅರ್ಧ ಇದರಲ್ಲೇ ಬರುತ್ತದೆ.

ಜೇವರ್ಗಿ ಕಡೆಯ ಹುಡುಗ. ಬೆಂಗಳೂರಲ್ಲಿ ಕೆಲಸ. ಸಂಬಳದಲ್ಲಿ ಉಳಿಸಿದ್ದು, ಮೇಲೆ ಅಪ್ಪನ ತೊಗರಿ ದುಡ್ಡು, ಎರಡೂ ಕೂಡಿಸಿ ಒಂದು ನೀಲಿ ಬಣ್ಣದ, ಎರಡು ಬಾಗಿಲಿನ, ಟರ್ಬೊ ಗಾಡಿಯ ಮೇಲೆ ಕಣ್ಣಿಟ್ಟಿದ್ದ. ನನ್ನನ್ನೂ, ನನಗೆ ಕೆಲಸ ಕಲಿಸಿದ ಚಾಚಾನನ್ನೂ ಕರೆದುಕೊಂಡು ಹೋದ. ಚಾಚಾನಿಗೆ ಆಗಲೇ ಎಪ್ಪತ್ತು ದಾಟಿತ್ತು. ಮೊದಲು ಲಾರಿ ಮಿಸ್ತ್ರಿ, ಆಮೇಲೆ ಕಾರು. ನಸುಕಿನ ನಾಲ್ಕಕ್ಕೆ ಬಿಟ್ಟೆವು. ಹುಮನಾಬಾದಿನಲ್ಲಿ ಹೈವೇ ಹತ್ತಿ, ಜಹೀರಾಬಾದಿನಲ್ಲಿ ಚಹಾ ಕುಡಿದು, ಒಂಬತ್ತಕ್ಕೆಲ್ಲ ಹೈದರಾಬಾದಿನಲ್ಲಿ ಇದ್ದೆವು.

ಗಾಡಿ ಥಳಥಳ ಹೊಳೆಯುತ್ತಿತ್ತು. ಟೈರಿಗೂ ಪಾಲಿಶ್. ಬಾನೆಟ್ ಎತ್ತಿದರೆ ಎಂಜಿನ್ ಸಹ ತೊಳೆದು ಒರೆಸಿದ್ದು. ಚಾಚಾ ಬಾನೆಟ್ ಮೇಲೆ ಅಂಗೈ ಇಟ್ಟರು. ಮೇ ತಿಂಗಳು, ಗಾಡಿ ಬಿಸಿಲಲ್ಲಿ ನಿಂತಿದೆ, ಕೈಗೆ ಏನು ತಿಳಿಯುತ್ತದೆ? ನನ್ನ ಕಡೆ ನೋಡಿ "ಡಬ್ಬಿ ಹಚ್ಚು ಬೇಟಾ" ಅಂದರು. ಡಬ್ಬಿ ಅಂದರೆ ಸ್ಕ್ಯಾನರ್, ಗಾಡಿಯ ಕಂಪ್ಯೂಟರ್ ಹೇಳೋದನ್ನು ಓದುವ ಯಂತ್ರ. ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ ಚುಚ್ಚಿ, ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಚಾವಿ ಆನ್ ಮಾಡಿದೆ. ಕೂಲಂಟ್, ಅಂದರೆ ಎಂಜಿನ್ ತಣಿಸುವ ನೀರು, 78 ಡಿಗ್ರಿ. ಒಳಗೆ ಹೋಗುವ ಗಾಳಿ 45 ಡಿಗ್ರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಈ ಎರಡೂ ಅಂಕಿ ಅಕ್ಕಪಕ್ಕ ಇರಬೇಕು. ಇಷ್ಟು ಅಂತರ ಇದ್ದರೆ ಈಗಷ್ಟೇ ಯಾರೋ ಓಡಿಸಿ ಬಿಸಿ ಮಾಡಿದ್ದಾರೆ ಅಂತ ಅರ್ಥ.

ಬಿಸಿ ಯಾಕೆ ಮಾಡುತ್ತಾರೆ ಗೊತ್ತಲ್ವಾ? ತಣ್ಣನೆಯ ಎಂಜಿನ್ ಏನನ್ನೂ ಮುಚ್ಚಿಡುವುದಿಲ್ಲ. ರಾತ್ರಿ ವಾಲ್ವ್ ಸೀಲಿನಿಂದ ಒಳಗೆ ಜಿನುಗಿದ ಆಯಿಲ್ ಬೆಳಿಗ್ಗೆ ನೀಲಿ ಹೊಗೆಯಾಗಿ ಹೊರಗೆ ಬರುತ್ತದೆ. ಟೈಮಿಂಗ್ ಚೈನ್ ಸಡಿಲ ಆಗಿದ್ದರೆ ಮೊದಲ ಎರಡು ಮೂರು ಸೆಕೆಂಡ್ ಗರಗರ ಅನ್ನುತ್ತದೆ. ಗೇರ್‌ಬಾಕ್ಸ್‌ನಲ್ಲಿ ಸಿಂಕ್ರೊ ಸವೆದಿದ್ದರೆ ತಣ್ಣಗಿದ್ದಾಗ ಎರಡನೇ ಗೇರಿಗೆ ಹಾಕುವಾಗ ಕಟಕ್ ಅಂತ ತಡೆಯುತ್ತದೆ. ಬಿಸಿಯಾದ ಮೇಲೆ ಇವೆಲ್ಲ ಅರ್ಧಕ್ಕರ್ಧ ಮಾಯ.

ಮಾಲೀಕ "ತೊಳೆಸೋಕೆ ಹೋಗಿದ್ದೆ" ಅಂದ. ಚಾಚಾ ಜಗಳ ಆಡಲಿಲ್ಲ. "ಆಯ್ತು ಸಾಬ್, ನಾವು ಕೂತಿರ್ತೀವಿ, ತಣ್ಣಗಾಗಲಿ" ಅಂದರು. ನಾಲ್ಕು ತಾಸು ಕೂತೆವು. ಆ ನಾಲ್ಕು ತಾಸಿನಲ್ಲೇ ಗಾಡಿ ತನ್ನ ಕಥೆ ಪೂರ್ತಿ ಹೇಳಿತು.

ಮೊದಲು ಸ್ಕ್ಯಾನರ್. ದೋಷ ತೋರಿಸುವ ಕೋಡ್ ಒಂದೂ ಇಲ್ಲ. ಹುಡುಗನ ಮುಖ ಅರಳಿತು. ನಾನು ಮುಂದಿನ ಪುಟ ತೆರೆದೆ. ಎಂಜಿನ್ ಕಂಪ್ಯೂಟರ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿರುತ್ತದೆ, ಆಕ್ಸಿಜನ್ ಸೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್, ಪೆಟ್ರೋಲ್ ಆವಿ ಹೀಗೆ. ಅವಕ್ಕೆ ರೆಡಿನೆಸ್ ಮಾನಿಟರ್ ಅನ್ನುತ್ತಾರೆ. ಕೋಡ್ ಅಳಿಸಿದರೆ ಇವೂ ಅಳಿಸಿಹೋಗುತ್ತವೆ. ಮತ್ತೆ ತುಂಬಬೇಕಾದರೆ ಗಾಡಿ ಕೆಲವು ದಿನ ಬೇರೆ ಬೇರೆ ವೇಗದಲ್ಲಿ ಓಡಬೇಕು. ಈ ಗಾಡಿಯಲ್ಲಿ ಬಹುತೇಕ ಎಲ್ಲವೂ ಅಪೂರ್ಣ. ಅಂದರೆ ಯಾರೋ ಮೊನ್ನೆಮೊನ್ನೆ ಪಾಟಿ ಒರೆಸಿದ್ದಾರೆ. ಖಾಲಿ ಪಾಟಿ ನೋಡಿ ಹುಡುಗ ಪಾಸಾಗಿದ್ದಾನೆ ಅನ್ನೋಕೆ ಆಗುತ್ತಾ? ಬ್ಯಾಟರಿ ತೆಗೆದಿದ್ದರೂ ಹೀಗಾಗಬಹುದು, ಅದನ್ನೂ ಕೇಳಬೇಕು. ಕೇಳಿದೆವು. ಉತ್ತರ ಬರಲಿಲ್ಲ.

ಆಮೇಲೆ ಚಾಚಾ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಿಡಿದರು. ಎಳೆದರು, ಎಳೆದರು, ಇನ್ನು ಬರೋದಿಲ್ಲ ಅನ್ನುವ ತನಕ ಎಳೆದರು. ಬುಡದಲ್ಲಿ ಬಟ್ಟೆಯ ಒಂದು ಚೀಟಿ ಹೊಲಿದಿರುತ್ತದೆ, ಹೆಬ್ಬೆರಳಿನಷ್ಟು ಅಗಲ. ಅದರ ಮೇಲೆ ಬೆಲ್ಟ್ ತಯಾರಾದ ತಾರೀಖು. ಚಾಚಾನ ಕಣ್ಣಿಗೆ ಅಕ್ಷರ ಕಾಣುತ್ತಿರಲಿಲ್ಲ, ಹುಡುಗನ ಕೈಗೇ ಟಾರ್ಚ್ ಕೊಟ್ಟು "ಓದಪ್ಪಾ" ಅಂದರು. ಅವನು ಓದಿದ. ಗಾಡಿ 2016ರದು. ಚೀಟಿಯಲ್ಲಿ 2019. ಡ್ರೈವರ್ ಕಡೆ ಬೆಲ್ಟ್ ಎಳೆದರೆ ಅಲ್ಲೂ 2019.

ಬೆಲ್ಟ್ ಸುಮ್ನೆ ಬದಲಾಗುವ ವಸ್ತುವಲ್ಲ. ಜೋರು ಅಪಘಾತ ಆದಾಗ ಅದರೊಳಗಿನ ಸಣ್ಣ ಮದ್ದು ಸಿಡಿದು ಬೆಲ್ಟನ್ನು ಎದೆಗೆ ಬಿಗಿಯುತ್ತದೆ. ಒಮ್ಮೆ ಸಿಡಿದರೆ ಮುಗಿಯಿತು, ಹೊಸದೇ ಹಾಕಬೇಕು. ಎರಡೂ ಮುಂದಿನ ಬೆಲ್ಟ್ ಹೊಸವು ಅಂದರೆ ಏರ್‌ಬ್ಯಾಗ್ ಬಿಚ್ಚುವಂಥ ಪೆಟ್ಟು ಬಿದ್ದಿರಬಹುದು ಅಂತ ಸಂಶಯ ಪಡಲೇಬೇಕು.

ಈಗ ನಾನು ಹೇಳಬೇಕಾದ ಮುಖ್ಯ ಮಾತು ಬಂತು. ಹುಡುಗ ಏನಂದ ಗೊತ್ತಾ? "ಅಣ್ಣಾ, ಬೆಲ್ಟ್ ಹರಿದಿರಬೇಕು, ಅದಕ್ಕ ಚೇಂಜ್ ಮಾಡ್ಯಾರ." ಮಾಲೀಕ ಹೇಳಬೇಕಾದ ಮಾತನ್ನು ಇವನೇ ಹೇಳಿಬಿಟ್ಟ! ನಾನು ಅವನ ಮುಖ ನೋಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲಗೆ ಅಂದ: "ಮೊನ್ನೆನೇ ಎರಡು ಲಕ್ಷ ಬಯಾನಾ ಹಾಕೀನಣ್ಣಾ."

ಬಯಾನಾ ಕೊಟ್ಟ ಕ್ಷಣದಿಂದ ನಮ್ಮ ಕಣ್ಣು ಗಾಡಿಯ ವಕೀಲನಾಗುತ್ತದೆ. ಹೊಗೆ ಕಂಡರೆ ಆವಿ ಅನ್ನುತ್ತೇವೆ. ಶಬ್ದ ಬಂದರೆ ಈ ಗಾಡಿ ಇರೋದೇ ಹೀಗೆ ಅನ್ನುತ್ತೇವೆ. ಆ ಹುಡುಗ ದಡ್ಡನಲ್ಲ, ನನಗಿಂತ ಹೆಚ್ಚು ಓದಿದವನು. ದುಡ್ಡು ಮೊದಲು ಹೋಗಿತ್ತು ಅಷ್ಟೆ.

ಮಧ್ಯಾಹ್ನ ಗಾಡಿ ತಣ್ಣಗಾದ ಮೇಲೆ ಸ್ಟಾರ್ಟ್ ಮಾಡಿದೆವು. ನೀಲಿ ಹೊಗೆ, ಎರಡು ಉಸಿರಿನಷ್ಟು ಹೊತ್ತು. ಜ್ಯಾಕ್ ಹಾಕಿ ಕೆಳಗೆ ನೋಡಿದರೆ ಎಡಗಡೆ ಮುಂದಿನ ಚಾಸಿ ಪಟ್ಟಿಯ ಮೇಲೆ ಸಂದು ಮುಚ್ಚುವ ಸೀಲರ್ ಬೇರೆ ಥರ ಇತ್ತು. ಕಂಪನಿಯಲ್ಲಿ ಯಂತ್ರ ಹಾಕಿದ ಸೀಲರ್ ಒಂದೇ ಸಮ ಇರುತ್ತದೆ. ಇಲ್ಲಿ ಬ್ರಷ್ಷಿನ ಗೆರೆ ಎದ್ದು ಕಾಣುತ್ತಿತ್ತು. ಪೇಂಟ್ ಅಳೆಯುವ ಗೇಜ್ ಇಟ್ಟರೆ ರೂಫ್ ಮೇಲೆ 120 ಮೈಕ್ರಾನ್, ಎಡ ಫೆಂಡರ್ ಮೇಲೆ 600. ಕಂಪನಿಯ ಬಣ್ಣ ಸಾಮಾನ್ಯವಾಗಿ 100ರಿಂದ 150ರ ಆಸುಪಾಸು. 600 ಅಂದರೆ ಒಳಗೆ ಪುಟ್ಟಿ ಇದೆ.

ಎರಡು ಲಕ್ಷದಲ್ಲಿ ಐವತ್ತು ಸಾವಿರ ವಾಪಸ್ ಬಂತು. ಹುಮನಾಬಾದ್ ಬರುವ ತನಕ ಹುಡುಗ ಒಂದು ಮಾತು ಆಡಲಿಲ್ಲ.

ಇನ್ನು ಎಂಜಿನ್ ಒಳಗಿನ ಮಾತು. ಮಾಮೂಲಿ ಗಾಡಿಗೂ ಜೋರು ಗಾಡಿಗೂ ಇಲ್ಲೇ ವ್ಯತ್ಯಾಸ. ಮೀಟರ್ ಎಷ್ಟು ತೋರಿಸುತ್ತದೆ ಅನ್ನೋದಕ್ಕಿಂತ ಹೇಗೆ ಓಡಿಸಿದ್ದಾರೆ ಅನ್ನೋದು ಮುಖ್ಯ. ಮ್ಯಾನ್ಯುವಲ್ ಗೇರಿನ ಗಾಡಿಯಲ್ಲಿ ಐದರಿಂದ ನಾಲ್ಕಕ್ಕೆ ಇಳಿಸುವ ಬದಲು ಗಡಿಬಿಡಿಯಲ್ಲಿ ಎರಡಕ್ಕೆ ಹಾಕಿದರು ಅನ್ನಿ. ರೆವ್ ಲಿಮಿಟರ್ ಪೆಟ್ರೋಲ್ ನಿಲ್ಲಿಸಬಹುದು, ಆದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುವಾಗ ಅದೇನು ಮಾಡೀತು? ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುವ ತನಕ ಬರಬಹುದು. ಪೋರ್ಷೆಯಂಥ ಗಾಡಿಗಳ ಕಂಪ್ಯೂಟರ್ ಇದನ್ನೆಲ್ಲ ಬರೆದಿಡುತ್ತದೆ. 997 ಸರಣಿಯ 911ರಲ್ಲಿ ಮಿತಿ ಮೀರಿದ ಸುತ್ತುಗಳನ್ನು ಆರು ಹಂತಗಳಲ್ಲಿ ಎಣಿಸಿ ಇಡುತ್ತದೆ, ಕೊನೆಯ ಸಲ ಎಂಜಿನ್ ಓಡಿದ ಎಷ್ಟನೇ ತಾಸಿನಲ್ಲಿ ಆಯಿತು ಅನ್ನೋದರ ಸಮೇತ. ಆ ರಿಪೋರ್ಟ್ ಕೇಳಿ. ಕೊಡಲ್ಲ ಅಂದರೆ ಎದ್ದು ಬನ್ನಿ.

ಪ್ರತಿ ಮಾಡೆಲ್ಲಿಗೂ ತನ್ನದೇ ರೋಗ ಇರುತ್ತದೆ, ಹೋಗುವ ಮೊದಲು ಓದಿಕೊಂಡು ಹೋಗಿ. 996 ಸರಣಿಯ 911ರಲ್ಲಿ ಎಂಜಿನ್ ಒಳಗಿನ ನಡು ಶಾಫ್ಟಿನ ಐಎಂಎಸ್ ಬೇರಿಂಗ್ ಕೈಕೊಡುತ್ತದೆ. ಬಿಎಂಡಬ್ಲ್ಯು ಇ46 ಎಂ3ಯಲ್ಲಿ ಹಿಂದಿನ ಸಬ್‌ಫ್ರೇಮ್ ಕೂರುವ ತಳದ ತಗಡು ಬಿರುಕು ಬಿಡುತ್ತದೆ. ಅದರ ನಂತರ ಬಂದ ವಿ8 ಎಂ3ಯಲ್ಲಿ ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆಯುತ್ತದೆ. ಆಕ್ಟೇವಿಯಾ ವಿಆರ್‌ಎಸ್‌ನಂಥ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರಿನ ಗಾಡಿಗೆ ಗೇರ್ ಆಯಿಲ್ ಯಾವಾಗ ಬದಲಾಯಿಸಿದ್ದಾರೆ ಅಂತ ಬಿಲ್ ಸಮೇತ ಕೇಳಬೇಕು. ಹೆಚ್ಚು ಪವರಿಗಾಗಿ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್ ಮ್ಯಾಪ್ ಮಾಡಿಸಿ, ಮಾರುವ ಮುಂಚೆ ಮತ್ತೆ ಮೊದಲಿನಂತೆ ಸ್ಟಾಕ್ ಮಾಡಿದವರೂ ಇರುತ್ತಾರೆ. ಫೋಕ್ಸ್‌ವ್ಯಾಗನ್ ಗುಂಪಿನ ಗಾಡಿಯಾದರೆ ಕಂಪನಿಯ ಸರ್ವರಿನಲ್ಲಿ ಅದರ ಗುರುತು ಟಿಡಿ1 ಅಂತ ದಾಖಲಾಗಿರಬಹುದು.

ಲೀಕ್‌ಡೌನ್ ಟೆಸ್ಟ್ ನನಗೆ ಬಹಳ ಪ್ರೀತಿಯದು. ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿನಿಂದ ಸಿಲಿಂಡರಿಗೆ ಗಾಳಿ ತುಂಬುತ್ತೇವೆ, ಎಷ್ಟು ಸೋರುತ್ತದೆ ಅಂತ ಗೇಜ್ ಹೇಳುತ್ತದೆ. ಎಲ್ಲಿ ಸೋರುತ್ತದೆ ಅನ್ನೋದನ್ನು ಕಿವಿ ಹೇಳುತ್ತದೆ. ಸೈಲೆನ್ಸರಿನಲ್ಲಿ ಸುಸ್ ಅಂದರೆ ಎಕ್ಸಾಸ್ಟ್ ವಾಲ್ವ್. ಏರ್ ಫಿಲ್ಟರ್ ಕಡೆ ಅಂದರೆ ಇನ್‌ಟೇಕ್ ವಾಲ್ವ್. ಆಯಿಲ್ ಮುಚ್ಚಳ ತೆಗೆದಾಗ ಗಾಳಿ ಜೋರಾಗಿ ಬಂದರೆ ಪಿಸ್ಟನ್ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಅದೇ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿದರೆ ಬೋರಿನ ಗೋಡೆ ಕಾಣುತ್ತದೆ. ಉದ್ದುದ್ದ ಗೀರು ಬಿದ್ದಿದ್ದರೆ ಆ ಗಾಡಿ ಬೇಡ. ಬಯಾನಾ ಕೊಟ್ಟಿರದಿದ್ದರೆ "ಬೇಡ" ಅನ್ನೋದು ಎಷ್ಟು ಸುಲಭ ನೋಡಿ.

ಸಂಘಟಕರಿಂದ ಚೀಟಿ ಬಂತು, ಇನ್ನು ಹತ್ತು ನಿಮಿಷ ಅಂತೆ. ಬೇಗ ಬೇಗ ಹೇಳುತ್ತೇನೆ.

ನೀರಲ್ಲಿ ಮುಳುಗಿದ ಗಾಡಿ. 2015ರ ಡಿಸೆಂಬರಿನಲ್ಲಿ ಚೆನ್ನೈ, 2020ರ ಅಕ್ಟೋಬರಿನಲ್ಲಿ ಹೈದರಾಬಾದ್ ಮುಳುಗಿದ್ದು ನೆನಪಿದೆಯಲ್ವಾ? ಅದೇ ಅಕ್ಟೋಬರಿನಲ್ಲಿ ನಮ್ಮ ಭೀಮೆಯೂ ಉಕ್ಕಿದ್ದಳು. ಸೀಟ್ ತೊಳೆಯಬಹುದು, ಸೆಂಟ್ ಹೊಡೆಯಬಹುದು. ಸ್ಟೆಪ್ನಿ ಗುಂಡಿಯ ಮೂಲೆ, ಸೀಟಿನ ಕೆಳಗಿನ ಬೋಲ್ಟ್, ಕಾರ್ಪೆಟ್ ಅಡಿಯ ವೈರಿಂಗ್ ಸಾಕೆಟ್ ನೋಡಿ. ಮೆತ್ತನೆಯ ಒಣ ಮಣ್ಣು, ಹಸಿರು ಕಿಲುಬು ಸಿಕ್ಕರೆ ಸಾಕು. ಎರೆ ಹೊಲದಲ್ಲಿ ಬೆಳೆದವರಿಗೆ ಮಣ್ಣಿನ ಗುರುತು ನಾನು ಹೇಳಿಕೊಡಬೇಕಾಗಿಲ್ಲ.

ಟೈರು. ಪಕ್ಕದಲ್ಲಿ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂದರೆ 2019ರ 23ನೇ ವಾರ. ಹಳೆಯ ಟೈರಿನ ಗೆರೆ ಆಳ ಇದ್ದರೂ ರಬ್ಬರ್ ಕಲ್ಲಾಗಿರುತ್ತದೆ, ನಮ್ಮ ಬಿಸಿಲಿಗೆ ಇನ್ನೂ ಬೇಗ. ಬ್ರೇಕ್ ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟು ಅಂತ ಕೊರೆದಿರುತ್ತದೆ, ಅಳೆದು ನೋಡಿ. ಕಾರ್ಬನ್ ಸೆರಾಮಿಕ್ ಡಿಸ್ಕ್ ಇದ್ದರೆ ಹೊಸದರ ಬೆಲೆ ಮೊದಲೇ ವಿಚಾರಿಸಿ, ಲಕ್ಷಗಳ ಲೆಕ್ಕ ಅದು.

ಕಾಗದ. ಚಾಸಿ ನಂಬರ್ 17 ಅಕ್ಷರ, ಆರ್‌ಸಿಯ ಜೊತೆ ಒಂದೊಂದಾಗಿ ಹೋಲಿಸಿ. ಸಾಲ ಇತ್ತು ಅಂದರೆ ಅದು ತೀರಿದ್ದಕ್ಕೆ ಫಾರ್ಮ್ 35. ತೆಲಂಗಾಣದಿಂದ ತರೋದಾದರೆ ಎನ್‌ಒಸಿಗೆ ಫಾರ್ಮ್ 28, ಹೆಸರು ಬದಲಿಗೆ 29 ಮತ್ತು 30. ಇಲ್ಲಿ ಕೆಎ 32 ಪಾಸಿಂಗ್ ಮಾಡಿಸುವಾಗ ಲೈಫ್‌ಟೈಮ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಗಾಡಿಯ ವಯಸ್ಸು ನೋಡಿ ಕಡಿಮೆ ಆಗುತ್ತದೆ, ಆದರೂ ದುಬಾರಿ ಗಾಡಿಗೆ ಅದು ದೊಡ್ಡ ಮೊತ್ತವೇ. ಬೆಲೆ ಮಾತಾಡುವಾಗಲೇ ಸೇರಿಸಿಕೊಳ್ಳಿ.

ಇನ್ಶೂರೆನ್ಸ್ ಕ್ಲೇಮ್, ಅಲೈನ್‌ಮೆಂಟ್, ಸಸ್ಪೆನ್ಷನ್ ಇವೆಲ್ಲ ಉಳಿದವು. ಗ್ಯಾರೇಜಿಗೆ ಬನ್ನಿ, ಕೂತು ಮಾತಾಡೋಣ. ಬಯಾನಾ ಕೊಡುವ ಮೊದಲು ಬನ್ನಿ.

ಆ ಜೇವರ್ಗಿ ಹುಡುಗ ಮರುವರ್ಷ ಬೇರೆ ಗಾಡಿ ತಗೊಂಡ. ನನ್ನನ್ನು ಕರೆದ, ಆದರೆ ನಾನು ಹೋಗಿ ಮುಟ್ಟುವಷ್ಟರಲ್ಲಿ ಅವನೇ ಸೀಟಿನಲ್ಲಿ ಕೂತು, ಬೆಲ್ಟ್ ಪೂರ್ತಿ ಎಳೆದು, ಟಾರ್ಚ್ ಹಿಡಿದು ಓದುತ್ತಿದ್ದ. ಇವತ್ತು ಅದೇ ಗಾಡಿಯನ್ನು ನಮಗಾಗಿ ತಂದು ಹೊರಗೆ ಬೇವಿನ ಮರದ ಕೆಳಗೆ ನಿಲ್ಲಿಸಿದ್ದಾನೆ. ಮಧ್ಯಾಹ್ನ ಎರಡಕ್ಕೆ ಬಂದು ನಿಂತದ್ದು, ಐದು ತಾಸಾಗುತ್ತಾ ಬಂತು. ಸ್ಕ್ಯಾನರ್ ನನ್ನ ಚೀಲದಲ್ಲಿದೆ. ಬನ್ನಿ, ಎರಡು ಅಂಕಿ ಅಕ್ಕಪಕ್ಕ ಬಂದಿವೆಯಾ ನೋಡೋಣ.