ನೀವು ಹೋಗಬೇಡಿ, ಬೆಕ್ಕೇ ಬರಲಿ

ಕೇಳುಗರಿಗೆಲ್ಲ ನಮಸ್ಕಾರ.

ವಾರಕ್ಕೆ ಎರಡು ಸಲವಾದರೂ ನನಗೊಂದು ಫೋನ್ ಬರುತ್ತದೆ. "ಡಾಕ್ಟ್ರೇ, ನಮ್ಮ ಹಿತ್ತಿಲಿಗೆ ಒಂದು ಬೆಕ್ಕು ಬರ್ತದೆ. ಅನ್ನ ಇಟ್ಟರೆ ತಿಂತದೆ, ಹತ್ತಿರ ಹೋದರೆ ಓಡ್ತದೆ. ಹಿಡಿಯುವುದು ಹೇಗೆ?" ನನ್ನದು ಒಂದೇ ಉತ್ತರ. ಹಿಡಿಯಬೇಡಿ. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆಮೇಲೆ, "ಅಲ್ಲ ಡಾಕ್ಟ್ರೇ, ನಾವು ಪ್ರೀತಿಯಿಂದಲೇ ಹಿಡಿಯುವುದು." ಪ್ರೀತಿಯಿಂದಲೂ ಹಿಡಿಯಬೇಡಿ ಮಾರಾಯ್ರೇ! ನೀವು ಹೋಗಬೇಡಿ, ಬೆಕ್ಕೇ ಬರಲಿ. ನನಗೆ ಕೊಟ್ಟಿರುವ ಹತ್ತು ನಿಮಿಷದಲ್ಲಿ ಈ ಮಾತನ್ನು ನಾಲ್ಕೈದು ಸಲ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಇದು ಕಾಡುಬೆಕ್ಕಿನ ಮಾತಲ್ಲ. ಕಾಡುಬೆಕ್ಕು ಬೇರೆಯೇ ಪ್ರಾಣಿ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಅದಕ್ಕಿದೆ, ಅದನ್ನು ಸಾಕುವ ಆಸೆಯೇ ಬೇಡ. ಪುನುಗು ಬೆಕ್ಕಂತೂ ಹೆಸರಿಗೆ ಮಾತ್ರ ಬೆಕ್ಕು. ನಾನು ಹೇಳುತ್ತಿರುವುದು ನಮ್ಮ ಮನೆ ಬೆಕ್ಕಿನದೇ ಜಾತಿ, ಆದರೆ ಮನೆ ಕಾಣದೆ ಬೆಳೆದದ್ದು. ಮೀನು ಮಾರ್ಕೆಟ್ಟಿನ ಹಿಂದೆ, ಹಳೇ ಗೋಡೌನಿನಲ್ಲಿ, ನಿಮ್ಮದೇ ಸೌದೆ ಕೊಟ್ಟಿಗೆಯ ಅಟ್ಟದಲ್ಲಿ ಹುಟ್ಟಿದ್ದು. ಬೆಕ್ಕಿನ ಮರಿಗೆ ಎರಡು ವಾರ ತುಂಬಿದ ಮೇಲೆ ಏಳು ವಾರ ಆಗುವವರೆಗಿನ ಕಾಲ ಬಹಳ ಮುಖ್ಯ. ಆಗ ಮನುಷ್ಯರ ಕೈ ಸೋಕಿದರೆ, ಮನುಷ್ಯ ಅಂದರೆ ನಮ್ಮವನೇ ಅಂತ ಅದರ ತಲೆಯಲ್ಲಿ ಕೂತುಬಿಡುತ್ತದೆ. ಸೋಕದಿದ್ದರೆ ನಾವೂ ಒಂದೇ, ಬೀದಿ ನಾಯಿಯೂ ಒಂದೇ. ಅದು ಓಡುವುದು ಕೊಬ್ಬಿನಿಂದ ಅಲ್ಲ. ಜೀವಭಯದಿಂದ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಿಮಗೆ ಗೊತ್ತೇ ಇದೆ. ಕೃಷ್ಣದೇವರಾಯ ಮನೆಗೊಂದು ಬೆಕ್ಕು ಕೊಟ್ಟ, ಅದಕ್ಕೆ ಹಾಲೆರೆಯಲು ಒಂದು ಹಸು ಕೊಟ್ಟ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲು ಇಟ್ಟ. ಬೆಕ್ಕು ಮೂತಿ ಸುಟ್ಟುಕೊಂಡಿತು. ಆಮೇಲೆ ಹಾಲು ಕಂಡರೆ ಸಾಕು, ಪರಾರಿ. ಹಾಲೆಲ್ಲ ಇವನ ಪಾಲು. ಚಿಕ್ಕವನಿದ್ದಾಗ ಈ ಕತೆ ಕೇಳಿ ಬಿದ್ದುಬಿದ್ದು ನಕ್ಕಿದ್ದೆ. ಈಗ ಅಷ್ಟೊಂದು ನಗು ಬರುವುದಿಲ್ಲ. ಆದರೆ ಕತೆ ಕಟ್ಟಿದವನಿಗೆ ಬೆಕ್ಕು ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಒಂದೇ ಸಲ ಸಾಕು. ನೀವು ಒಂದು ಸಲ ಗಬಕ್ಕನೆ ಹಿಡಿದಿರೋ, ಮುಂದೆ ನಿಮ್ಮ ಕೈಯೇ ಅದಕ್ಕೆ ಕುದಿಯುವ ಹಾಲು.

ಇದನ್ನು ನಾನು ಓದಿ ಕಲಿತದ್ದಲ್ಲ. ಕಚ್ಚಿಸಿಕೊಂಡು ಕಲಿತದ್ದು.

ಕೆಲವು ವರ್ಷದ ಹಿಂದೆ, ಜೂನ್ ತಿಂಗಳು. ನಮ್ಮ ಕರಾವಳಿಯ ಮಳೆ ನಿಮಗೆ ಗೊತ್ತಲ್ವಾ, ಹಿಡಿದರೆ ಬಿಡುವುದಿಲ್ಲ. ನಮ್ಮ ಬಚ್ಚಲುಮನೆಯ ಸೌದೆ ರಾಶಿಯ ಸಂದಿಯಲ್ಲಿ ಒಂದು ಹೆಣ್ಣು ಬೆಕ್ಕು ಬಂದು ಸೇರಿಕೊಂಡಿತು. ಬೂದಿ ಬಣ್ಣ, ಮೈಮೇಲೆ ಕಪ್ಪು ಪಟ್ಟೆ, ಬಲಗಿವಿ ಹರಿದಿತ್ತು. ಪ್ರಾಯದ ಬೆಕ್ಕು, ಆದರೆ ಎಲುಬು ಎಣಿಸಬಹುದಿತ್ತು. ನಾನು ದಿನಾ ಸಂಜೆ ಆರು ಗಂಟೆಗೆ ಒಂದು ತಟ್ಟೆ ಇಡತೊಡಗಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್ ಅಲ್ವಾ, ಬೂತಾಯಿ ಮೀನಿಗೆ ಬಂಗಾರದ ಬೆಲೆ. ಹಾಗಾಗಿ ಬೇಯಿಸಿದ ಕೋಳಿ, ಕೆಲವೊಮ್ಮೆ ಮೊಟ್ಟೆ. ದಿನಕ್ಕೆ ಒಂದು ಗೇಣಿನಷ್ಟು ತಟ್ಟೆಯನ್ನು ನನ್ನ ಕಡೆಗೆ ಸರಿಸುತ್ತ ಬಂದೆ. ಹನ್ನೆರಡನೇ ದಿನಕ್ಕೆ ಅದು ನನ್ನಿಂದ ಒಂದು ಮಾರು ದೂರದಲ್ಲಿ ಕೂತು ತಿನ್ನುತ್ತಿತ್ತು.

ಅವತ್ತು ನನಗೆ ದುರ್ಬುದ್ಧಿ ಬಂತು. ಬೆಕ್ಕು ಪೂರ್ತಿ ಒದ್ದೆಯಾಗಿ ನಡುಗುತ್ತಿತ್ತು. ಪಾಪ, ಒಳಗೆ ತಂದು ಒರೆಸೋಣ ಅಂದುಕೊಂಡೆ. ಎಷ್ಟು ವರ್ಷದ ಅನುಭವ, ಎಷ್ಟು ಬೆಕ್ಕು ಹಿಡಿದ ಕೈ! ಕುತ್ತಿಗೆಯ ಹಿಂದಿನ ಚರ್ಮಕ್ಕೆ ಕೈ ಹಾಕಿದೆ. ಆಮೇಲೆ ಏನಾಯ್ತು ಅಂತ ಸರಿಯಾಗಿ ನೆನಪಿಲ್ಲ. ತಟ್ಟೆ ಮಗುಚಿತ್ತು. ನನ್ನ ಹೆಬ್ಬೆರಳಿನ ಬುಡದಲ್ಲಿ ಎರಡು ತೂತು. ಬೆಕ್ಕು ಇಲ್ಲ.

ನಲ್ಲಿಯ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ಕೈ ತೊಳೆದೆ. ನಾನು ಮುಂಚೆಯೇ ರೇಬೀಸ್ ಲಸಿಕೆ ಹಾಕಿಸಿಕೊಂಡವನು, ಎರಡು ಇಂಜೆಕ್ಷನ್ನಿಗೆ ಮುಗಿಯಿತು. ನಿಮಗೆ ಅಷ್ಟಕ್ಕೆ ಮುಗಿಯುವುದಿಲ್ಲ. ಬೆಕ್ಕು ಕಚ್ಚಿದರೆ ಅರಿಸಿನ, ಸುಣ್ಣ ಅಂತ ಹಚ್ಚುತ್ತ ಕೂರಬೇಡಿ. ಹದಿನೈದು ನಿಮಿಷ ಸೋಪು ನೀರು, ಆಮೇಲೆ ಸೀದಾ ಆಸ್ಪತ್ರೆ.

ಸೌದೆ ರಾಶಿ ಖಾಲಿಯಾಯಿತು. ಸಂಜೆ ಇಟ್ಟ ತಟ್ಟೆಗೆ ಇರುವೆ ಮುತ್ತುತ್ತಿತ್ತು. ಜುಲೈ ಮಧ್ಯದಲ್ಲಿ ಒಂದು ಮಧ್ಯಾಹ್ನ ಪಕ್ಕದ ಮನೆಯ ಅಂಗಳ ನೋಡುತ್ತೇನೆ, ತುಳಸಿಕಟ್ಟೆಯ ಹಿಂದೆ ಅದೇ ಹರಿದ ಕಿವಿ!

ಪಕ್ಕದ ಮನೆಯ ಅಕ್ಕ ಬೀಡಿ ಕಟ್ಟುವವರು. ಊಟ ಆದ ಮೇಲೆ ಜಗಲಿಯ ಕಂಬಕ್ಕೆ ಒರಗಿ ಕೂತರೆ ಸಂಜೆ ದೀಪ ಹಚ್ಚುವವರೆಗೆ ಏಳುವುದಿಲ್ಲ. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ತಡ್ಪೆಯಲ್ಲಿ ಎಲೆ ಮತ್ತು ಹೊಗೆಸೊಪ್ಪು. ಕತ್ತರಿಯ ಕಟ್ ಕಟ್ ಶಬ್ದ, ಬೆರಳು ಓಡುತ್ತಿರುತ್ತದೆ, ತಲೆ ಎತ್ತುವುದಿಲ್ಲ. ಬೆಕ್ಕನ್ನು ಅವರು ನೋಡಿರಲಿಲ್ಲ ಅಂತಲ್ಲ. ನೋಡಿ ಏನಾಗಬೇಕು? ಮಧ್ಯಾಹ್ನ ಉಳಿದ ಗಂಜಿಗೆ ಮೀನಿನ ಸಾರಿನ ತುಂಡು ಕಲಸಿ ಮೆಟ್ಟಿಲ ಕೆಳಗೆ ಇಟ್ಟು ತಮ್ಮ ಕೆಲಸಕ್ಕೆ ಕೂರುತ್ತಿದ್ದರು.

ನಾನು ನಮ್ಮ ಕಿಟಕಿಯಿಂದ ದಿನಾ ನೋಡಿದೆ. ಬೆಕ್ಕು ಒಂದು ವಾರ ತುಳಸಿಕಟ್ಟೆಯ ಹಿಂದೆ. ಆಮೇಲೆ ಕಟ್ಟೆಯ ಮುಂದೆ. ಆಮೇಲೆ ಕೆಳಗಿನ ಮೆಟ್ಟಿಲು. ಒಂದು ದಿನ ಗುಡುಗು ಜೋರಾಯಿತು, ಮತ್ತೆ ತುಳಸಿಕಟ್ಟೆಗೆ ಓಟ, ನಾಲ್ಕು ದಿನ ಅಲ್ಲೇ. ಅಕ್ಕ ಕರೆಯಲಿಲ್ಲ, ಹುಡುಕಲಿಲ್ಲ. ಆಗಸ್ಟಿನಲ್ಲಿ ಅದು ಜಗಲಿ ಹತ್ತಿತು. ಒಂದು ಮಧ್ಯಾಹ್ನ ಬಾಲ ನೆಟ್ಟಗೆ ನಿಲ್ಲಿಸಿಕೊಂಡು ಬಂದು ಅಕ್ಕನ ಮಂಡಿಗೆ ತನ್ನ ಕೆನ್ನೆ ಉಜ್ಜಿತು. ಇನ್ನೊಂದು ಸಲ ಉಜ್ಜುವಾಗ ತಡ್ಪೆ ಅಲುಗಿ ನಾಲ್ಕು ಎಲೆ ಬಿತ್ತು. "ಏ ಪುಚ್ಚೆ, ಆಚೆ ಹೋಗು" ಅಂದರು, ತಲೆ ಎತ್ತದೆ. ಪುಚ್ಚೆ ಅಂದರೆ ತುಳುವಿನಲ್ಲಿ ಬೆಕ್ಕು, ಅಷ್ಟೇ. ಅದೇ ಅದರ ಹೆಸರಾಯಿತು.

ನನಗೆ ಹೊಟ್ಟೆಕಿಚ್ಚು. ಹೋಗಿ ಕೇಳಿಯೇಬಿಟ್ಟೆ. "ಅಕ್ಕ, ನೀವು ಏನು ಮಾಡಿದ್ರಿ?"

"ನಾನೇನೂ ಮಾಡ್ಲಿಲ್ಲ ಡಾಕ್ಟ್ರೇ. ನನಗೆಲ್ಲಿ ಪುರುಸೊತ್ತು?"

ಆ ಪುರುಸೊತ್ತಿಲ್ಲದಿರುವುದೇ ಕೆಲಸ ಮಾಡಿದ್ದು! ದಿನಾ ಅದೇ ಹೊತ್ತು, ಅದೇ ಜಾಗ, ಅದೇ ಶಬ್ದ. ನೆಲದ ಮೇಲೆ ಕೂತ ಮನುಷ್ಯ, ಹಾಗಾಗಿ ಎತ್ತರ ಇಲ್ಲ. ಕಣ್ಣು ತಡ್ಪೆಯ ಮೇಲೆ, ಹಾಗಾಗಿ ದಿಟ್ಟಿಸುವುದಿಲ್ಲ. ಬೆಕ್ಕುಗಳ ಲೋಕದಲ್ಲಿ ದಿಟ್ಟಿಸಿ ನೋಡುವುದು ಅಂದರೆ ಜಗಳಕ್ಕೆ ಕರೆದ ಹಾಗೆ. ನಾನು ದಿನಾ ಸಂಜೆ ಮಾಡುತ್ತಿದ್ದದ್ದು ಅದನ್ನೇ, ಪ್ರೀತಿಯಿಂದ ಕಣ್ಣರಳಿಸಿ ನೋಡುತ್ತ ಕೂರುವುದು. ಅಕ್ಕನಿಗೆ ಆ ಬೆಕ್ಕಿನಿಂದ ಏನೂ ಬೇಕಿರಲಿಲ್ಲ. ನನಗೆ ಬೇಕಿತ್ತು, ಅದು ಬೆಕ್ಕಿಗೆ ಗೊತ್ತಾಗಿತ್ತು. ಅದಕ್ಕೇ ಹೇಳುವುದು, ನೀವು ಹೋಗಬೇಡಿ, ಅದೇ ಬರಲಿ.

ನೋಡಲೇಬೇಕು ಅನ್ನುವವರಿಗೆ ಒಂದು ದಾರಿ ಇದೆ. ಕಣ್ಣನ್ನು ನಿಧಾನವಾಗಿ ಅರ್ಧ ಮುಚ್ಚಿ, ಹಾಗೇ ಸ್ವಲ್ಪ ಹೊತ್ತು ಬಿಟ್ಟು ತೆರೆಯಿರಿ, ನಿದ್ದೆ ಬಂದವರ ಹಾಗೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಕಣ್ಣು ಮಿಟುಕಿಸಿದ ಅಪರಿಚಿತರ ಕೈ ಹತ್ತಿರ ಬೆಕ್ಕುಗಳು ಹೆಚ್ಚಾಗಿ ಬಂದವು. ಮನೆಯವರು ನಕ್ಕರೆ ನಗಲಿ. ಬೆಕ್ಕು ತಾನೂ ಹಾಗೆ ಕಣ್ಣು ಮುಚ್ಚಿ ತೆರೆದರೆ ಎದ್ದು ಓಡಿಹೋಗಬೇಡಿ. ಸುಮ್ನೆ ಕೂತಿರಿ. ಹತ್ತಿರ ಬಂದ ಮೇಲೆ ಒಂದು ಬೆರಳನ್ನು ಅದರ ಮೂಗಿನ ಮಟ್ಟಕ್ಕೆ ಹಿಡಿಯಿರಿ. ಮೂಸಿ ಕೆನ್ನೆ ಉಜ್ಜಿದರೆ ಕೆನ್ನೆಯನ್ನಷ್ಟೇ ಸವರಿ. ತಲೆಯ ಮೇಲಿಂದ ಕೈ ತರಬೇಡಿ, ಹೊಟ್ಟೆ ಮುಟ್ಟಲೇಬೇಡಿ. ಕಿವಿ ಪಕ್ಕಕ್ಕೆ ಬಾಗಿತೋ, ಬಾಲ ಬಡಿಯಿತೋ, ಕೈ ತೆಗೆಯಿರಿ.

ಸಮಯ ಓಡುತ್ತಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಒಳಗೆ ತಂದಿಟ್ಟುಕೊಂಡಿರುವ ಹೆದರಿದ ಬೆಕ್ಕಿಗೆ ಇಡೀ ಮನೆ ತೋರಿಸಬೇಡಿ. ಒಂದು ಚಿಕ್ಕ ಕೋಣೆ ಕೊಡಿ, ಅದರಲ್ಲಿ ಒಂದು ರಟ್ಟಿನ ಪೆಟ್ಟಿಗೆ ಅಡ್ಡ ಮಲಗಿಸಿ. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಇದನ್ನು ಆಶ್ರಯ ತಾಣದ ಬೆಕ್ಕುಗಳ ಮೇಲೆ ನೋಡಿದ್ದಾರೆ. ಅಡಗಲು ಪೆಟ್ಟಿಗೆ ಸಿಕ್ಕವು ಬೇಗ ಸಮಾಧಾನಕ್ಕೆ ಬಂದವು. ಅಡಗಿದ ಬೆಕ್ಕನ್ನು ಎಳೆದು ಹೊರಗೆ ತರುವುದು ನಮ್ಮವರ ಹಳೇ ಚಾಳಿ, ದಯವಿಟ್ಟು ಬಿಡಿ. ದೊಡ್ಡ ಬೆಕ್ಕಿಗೆ ಹಾಲು ಬೇಡ, ಜಾಸ್ತಿ ಬೆಕ್ಕುಗಳಿಗೆ ಅದು ದಕ್ಕುವುದಿಲ್ಲ. ಮಳೆಗಾಲದ ಒಣಮೀನೂ ಬೇಡ, ಅದು ಬರೀ ಉಪ್ಪು. ಜ್ವರದ ಪ್ಯಾರಾಸಿಟಮಾಲ್ ಮಾತ್ರೆ ಕೊಟ್ಟೀರಿ, ಬೆಕ್ಕು ಸತ್ತುಹೋಗುತ್ತದೆ. ಹೊಗೆಸೊಪ್ಪಿನ ವಿಷಯ ಹೇಳಬೇಕಿತ್ತು, ಅದಕ್ಕೆ ಇನ್ನೊಮ್ಮೆ ಕರೆಯಿರಿ.

ಮತ್ತೆ ಸಂತಾನಹರಣ ಚಿಕಿತ್ಸೆ. ಅದಕ್ಕೆ ಹಿಡಿಯಲೇಬೇಕಲ್ಲ ಡಾಕ್ಟ್ರೇ, ಅಂತ ನೀವು ಕೇಳುತ್ತೀರಿ. ಹೌದು, ಹಿಡಿಯಬೇಕು. ಆದರೆ ಕೈಯಲ್ಲಿ ಅಲ್ಲ, ಗೋಣಿಚೀಲದಲ್ಲಂತೂ ಅಲ್ಲವೇ ಅಲ್ಲ. ಬಾಗಿಲು ತಾನಾಗಿ ಬೀಳುವ ಬೋನು ಸಿಗುತ್ತದೆ, ಒಳಗೆ ಮೀನಿಟ್ಟು ಕಾಯಿರಿ. ಬಿದ್ದ ಕೂಡಲೇ ಬೋನಿನ ಮೇಲೆ ಒಂದು ಬಟ್ಟೆ ಹೊದೆಸಿ. ಇನ್ನೊಂದು ಮುಖ್ಯ ಮಾತು. ದಿನಾ ಅನ್ನ ಹಾಕುವವರು ಬೋನಿನ ಹತ್ತಿರ ಸುಳಿಯಬಾರದು. ಆ ಪಾಪದ ಕೆಲಸವನ್ನು ಬೇರೆ ಯಾರಾದರೂ ಮಾಡಲಿ.

ನಮ್ಮ ಪುಚ್ಚೆಯ ಬೋನು ಇಟ್ಟದ್ದು ನಾನೇ. ಹೇಗೂ ನನ್ನ ಹೆಸರು ಕೆಟ್ಟಿತ್ತಲ್ಲ. ಆಪರೇಷನ್ ಮಾಡಿ, ಗುರುತಿಗೆ ಎಡಗಿವಿಯ ತುದಿ ಕತ್ತರಿಸಿ, ಮೂರನೇ ದಿನ ಅದೇ ಅಂಗಳದಲ್ಲಿ ಬಿಟ್ಟೆ. ಎರಡು ದಿನ ತುಳಸಿಕಟ್ಟೆಯ ಹಿಂದೆ ಕೂತು ಮತ್ತೆ ಜಗಲಿ ಹತ್ತಿತು. ಈಗ ಮಧ್ಯಾಹ್ನ ಅಕ್ಕನ ಮಂಡಿಗೆ ಒರಗಿ ನಿದ್ದೆ ಮಾಡುತ್ತದೆ. ನನ್ನ ಸ್ಕೂಟರಿನ ಶಬ್ದ ಗೇಟಿನ ಹತ್ತಿರ ಕೇಳಿದರೆ ಕಣ್ಣು ಬಿಡುತ್ತದೆ. ನಾನು ಹೆಲ್ಮೆಟ್ ತೆಗೆಯುವಷ್ಟರಲ್ಲಿ ಜಗಲಿಯಲ್ಲಿ ಅಕ್ಕ ಒಬ್ಬರೇ ಇರುತ್ತಾರೆ.

ನಮಸ್ಕಾರ.