ರಬ್ಬರ್ ಗೋಲಿ ಹಾಕಿ ವೋಟು: ಯುಗೊಸ್ಲಾವಿಯ, 1945

ಇದು ಬೆಲ್‌ಗ್ರೇಡ್‌ನ ಪಾರ್ಲಿಮೆಂಟ್. ಬೆಲ್‌ಗ್ರೇಡ್ ಈಗ ಸರ್ಬಿಯಾದ ರಾಜಧಾನಿ, ಆಗ ಯುಗೊಸ್ಲಾವಿಯದ್ದು. ಮೆಟ್ಟಿಲ ಎರಡೂ ಪಕ್ಕ ಮುಂಗಾಲೆತ್ತಿ ನಿಂತಿರೋ ಕಪ್ಪು ಕುದುರೆಗಳು ಕಾಣ್ತಿವೆಯಲ್ಲ, ಬಂದೋರೆಲ್ಲ ಫೋಟೊ ಹೊಡೆಸ್ಕೊಳ್ಳೋದು ಅವುಗಳ ಜೊತೆನೇ. ನಾನೂ ಹೊಡೆಸ್ಕೊಂಡೆ, ಬಿಡಿ. ಆದ್ರೆ ಇವತ್ತು ಹೇಳೋದು ಒಂದು ರಬ್ಬರ್ ಗೋಲಿಯ ಕಥೆ.

1945ರ ನವೆಂಬರ್ 11. ಯುದ್ಧ ಮುಗಿದು ಆರು ತಿಂಗಳಾಗಿತ್ತಷ್ಟೇ. ಯುಗೊಸ್ಲಾವಿಯದಲ್ಲಿ ಸಂವಿಧಾನ ರಚನಾ ಸಭೆಗೆ ಚುನಾವಣೆ. ಓದು ಬರಹ ಬಾರದ ಜನ ಲಕ್ಷಗಟ್ಟಲೆ, ಹಾಗಾಗಿ ಚೀಟಿ ಬದಲು ಕೈಗೊಂದು ಗೋಲಿ. ಇದು ಆಗಿನ ಪ್ರಧಾನಿ, ಕಮ್ಯುನಿಸ್ಟ್ ನಾಯಕ ಟಿಟೊ ಕಂಡುಹಿಡಿದದ್ದೇನಲ್ಲ, ರಾಜರ ಕಾಲದ ಪದ್ಧತಿನೇ. ಮುಷ್ಟಿ ಕಟ್ಟಿಕೊಂಡೇ ಪ್ರತಿ ಪೆಟ್ಟಿಗೆಗೂ ಕೈ ಹಾಕ್ಬೇಕು, ಒಂದರಲ್ಲಿ ಮಾತ್ರ ಗೋಲಿ ಬಿಡ್ಬೇಕು, ಕಟ್ಟಿದ ಮುಷ್ಟಿಯಲ್ಲೇ ಕೈ ಆಚೆ ತೆಗೀಬೇಕು. ರಬ್ಬರ್ ಅಲ್ವಾ, ಬಿದ್ರೂ ಸದ್ದಿಲ್ಲ. 1951–52ರಲ್ಲಿ ನಮ್ಮಲ್ಲೂ ಅಭ್ಯರ್ಥಿಗೊಂದು ಪೆಟ್ಟಿಗೆ ಇಟ್ಟಿದ್ರು, ನೆನಪಿದೆಯಾ?

ಇಲ್ಲಿ ಮಾತ್ರ ನಿಂತಿದ್ದೋರೆಲ್ಲ ಟಿಟೊ ಮುಂದಾಳತ್ವದ ಜನತಾ ರಂಗದೋರೇ. ಬೇಡ ಅನ್ನೋರಿಗೆ ಯಾರ ಹೆಸರೂ ಇಲ್ಲದ ಇನ್ನೊಂದು ಪೆಟ್ಟಿಗೆ. ಜನ ಅದನ್ನ ಕುರುಡು ಪೆಟ್ಟಿಗೆ ಅಂತಿದ್ರು.

ವಿರೋಧಿಗಳೇ ಇರ್ಲಿಲ್ವಾ? ಇದ್ರು. ಡೆಮಾಕ್ರಟಿಕ್ ಪಕ್ಷದ ಮಿಲಾನ್ ಗ್ರೋಲ್ ಇದೇ ಟಿಟೊ ಸರ್ಕಾರದಲ್ಲಿ ಉಪಪ್ರಧಾನಿ. ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟು ಹೊರಗೆ ಬಂದ್ರು. ಅಕ್ಟೋಬರ್‌ನಲ್ಲಿ ವಿದೇಶಾಂಗ ಮಂತ್ರಿ ಶುಬಾಶಿಚ್ ಕೂಡ. ಪತ್ರಿಕೆ ನಡೆಸೋದಕ್ಕೂ ಅಡ್ಡಿ ಅಂದ್ಮೇಲೆ ಚುನಾವಣೆ ಯಾವ ಸುಖಕ್ಕೆ ಅಂತ ವಿರೋಧಿಗಳು ಬಹಿಷ್ಕಾರ ಹಾಕಿದ್ರು. ಎಣಿಸಿದಾಗ ನೂರಕ್ಕೆ ಸುಮಾರು 90 ಗೋಲಿ ಜನತಾ ರಂಗದ್ದೇ.

ಬರೀ ನಾಟಕ ಅಂತ ಕೈ ತೊಳ್ಕೊಳ್ಳೋಕೆ ನನಗೆ ಮನಸ್ಸಿಲ್ಲ. ಇಡೀ ದೇಶದ ಚುನಾವಣೇಲಿ ಹೆಂಗಸರು ವೋಟು ಹಾಕಿದ್ದು ಅವತ್ತೇ ಮೊದಲು. ಬಂದೂಕು ಹಿಡಿದು ಜರ್ಮನ್ನರ ವಿರುದ್ಧ ಕಾದಾಡಿದ್ದ ಹುಡುಗೀರೂ ಅವರಲ್ಲಿದ್ರು. ಟಿಟೊ ಮೇಲೆ ಜನಕ್ಕಿದ್ದ ಅಭಿಮಾನವೂ ಸುಳ್ಳಲ್ಲ. ಎದುರಾಳಿಗಳನ್ನ ಅಡ್ಡಿ ಇಲ್ಲದೆ ನಿಲ್ಲೋಕೆ ಬಿಟ್ಟಿದ್ರೂ ಬಹುಶಃ ಅವರೇ ಗೆಲ್ತಿದ್ರು. ಆದ್ರೂ ಬಿಡ್ಲಿಲ್ಲ ನೋಡಿ, ನನಗೆ ಚುಚ್ಚೋದು ಅದೇ.

ನವೆಂಬರ್ 29ಕ್ಕೆ ಇದೇ ಕಟ್ಟಡದಲ್ಲಿ ಸಭೆ ಸೇರಿ ರಾಜಪ್ರಭುತ್ವ ರದ್ದು ಮಾಡಿದ್ರು. ರಾಜ ಎರಡನೇ ಪೀಟರ್‌ಗೆ ಆಗ 22 ವರ್ಷ, ಇದ್ದದ್ದು ಲಂಡನ್‌ನಲ್ಲಿ. 1946ರ ಜನವರಿ 31ಕ್ಕೆ ಸಂವಿಧಾನವೂ ರೆಡಿ, 1936ರ ಸೋವಿಯತ್ ಸಂವಿಧಾನದ ಅಚ್ಚಿನಲ್ಲಿ. ಎರಡೇ ತಿಂಗಳು! ನಮ್ಮೋರಿಗೆ ಹತ್ತಿರ ಹತ್ತಿರ 3 ವರ್ಷ ಹಿಡೀತು. ಹಿಡೀದೆ ಏನು, ತಕರಾರು ತೆಗೆಯೋರು ಸಭೆ ಒಳಗೇ ಕೂತಿದ್ರಲ್ಲ.